ಪೆನ್‌ಡ್ರೈವಿನಿಂದ ಎದ್ದು ಬಂದ ಗಂಡು

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಹೇಮಾವತಿ ತವರಿನ ರೊಟ್ಟಿ ಗಂಟನ್ನು ತೊಡೆ ಮೇಲಿಟ್ಟುಕೊಂಡು, ಗಂಡನೂರು ಗೋವಿನಕೋವಿಯ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ವಧೂವರರ ಕೇಂದ್ರ ನಡೆಸುವ ಮುರುಗೇಶಪ್ಪ, ಮಗಳಿಗೆ ಗಂಡು ಹುಡುಕುತ್ತಿದ್ದ ಹಾಲೇಶಪ್ಪ ಕೂತಿದ್ದರು.

"ನಿಮ್ಮ ಕಂಪ್ಯೂಟರ್ ಸತ್ತೇ ಹೋಗಿತ್ತಂತಲ್ರೀ?" ಹಾಲೇಶಪ್ಪ ಕೇಳಿದ.

"ಹೋದ್ರೇನಾತು? ಪೆನ್‌ಡ್ರೈವ್‌ನಾಗೆ ಬ್ಯಾಕಪ್ ಇತ್ತು. ಪ್ರತಿ ವರ್ಷ ಆಯುಧಪೂಜೆಗೆ ತೆಗೆದಿಡ್ತೀನಿ. ಗಂಡುಗಳೆಲ್ಲ ವಾಪಸ್ ಬಂದ್ವು."

"ಈ ವರ್ಷದ್ದಾ?"

"ಈ ವರ್ಷ ಪೆನ್‌ಡ್ರೈವ್‌ಗೆ ಕುಂಕುಮ ಹಚ್ಚಿದ್ವಿ. ಕಂಪ್ಯೂಟರ್‌ಗೆ ಚುಚ್ಚಾದು ಮರ್ತೋತು."

"ಹೋದ ವರ್ಷ?"

"ಹೋದ ವರ್ಷ ನಮಗೆ ಸೂತಕ."

"ಹಂಗಾದ್ರೆ ಇರಾದು ಅದರ ಹಿಂದಿಂದು! ಆಮ್ಯಾಲೆ ಮದುವೆ ಆದೋರು?"

"ಆದಂಗೆಲ್ಲ ಅಳಿಸಿದ್ದೆ. ಈಗ ಅವರೂ ಎದ್ದು ಕುಂತವ್ರೆ."

"ಮತ್ತೆ ನಾವು ನೋಡಾಕೆ ಹೊಂಟಿರೋ ಮಹಾಂತೇಶ?"

"ಫೋಟೋದಾಗೆ ಮದುವೆ ಆದೋನ ಕಳೆ ಇಲ್ಲ ಬಿಡ್ರಿ."

"ಒಂದು ಫೋನಾದ್ರೂ ಮಾಡಬೇಕಿತ್ತು."

"ಹೇಳದೆ ಹೋದ್ರೇನೇ ಮನೆ ಹೆಂಗೈತೆ ಅಂತ ಗೊತ್ತಾಗಾದು."

ಅಷ್ಟರಲ್ಲಿ ಬಸ್ಸು ಬಂತು. ಎದ್ದು ನಿಂತ ಹೇಮಾವತಿಯ ಕಡೆ ಮುರುಗೇಶಪ್ಪ ತಿರುಗಿದ.

"ನೀವೂ ಗೋವಿನಕೋವಿಗೇನವ್ವಾ? ಅಲ್ಲಿ ಟ್ರ್ಯಾಕ್ಟರ್ ಮಹಾಂತೇಶನ ಮನೆ ಗೊತ್ತೈತಾ?"

"ಗೊತ್ತಿಲ್ದೆ ಏನ್ರೀ? ನನ್ನ ಜೊತೆಗೇ ಬರ್ರಿ," ಎಂದಳು ಹೇಮಾವತಿ. "ನಮ್ಮನೆಯೋರು ಇವತ್ತು ಎಲ್ಲೂ ಹೋಗಿಲ್ಲ. ಚಾಪೆ ಹಾಸಿ ಕೂರಿಸ್ತೀನಿ, ಕಣ್ತುಂಬ ನೋಡ್ರಿ. ಉಪ್ಪಿಟ್ಟು ನಾನೇ ಮಾಡ್ತೀನಿ."

ಹೇಮಾವತಿ ಬಸ್ಸು ಹತ್ತಿದಳು. ಅವರಿಬ್ಬರೂ ಹತ್ತಲಿಲ್ಲ.