ಶಿವಕಾಂತಮ್ಮನ ಕ್ಯಾಸೆಟ್

ಇದು ನನ್ನ ಕಾಕಾನ ಮಗ ಮೌನೇಶನ ಮನೆಯಲ್ಲಿ ನಡೆದದ್ದು. ಹೋದ ವರ್ಷ. ನಗುವವರು ಈಗಲೇ ನಕ್ಕುಬಿಡಿ…

ಅವತ್ತು ಮೌನೇಶ ಕಮಲಾಪುರದಿಂದ ಕಲಬುರಗಿಗೆ ಕೊನೇ ಬಸ್ಸಿಗೆ ಬಂದಿದ್ದ. ಕುಸನೂರಿನ ಹಾಳುಬಾವಿ ಹತ್ತಿರ ಆಟೋ ಇಳಿದು ಮನೆಗೆ ನಡೆದ. ಕಿಸೆಯಲ್ಲಿ ಒಂದು ಹಳೇ ಕ್ಯಾಸೆಟ್. ಹೆಜ್ಜೆ ಹಾಕಿದಾಗೆಲ್ಲ ಅದರ ಚಕ್ರ ಕಟಕಟ ಅನ್ನುತ್ತಿತ್ತು. ಬಾವಿ ದಾಟಿ ನಿಂತ. ಕಟಕಟ… ನಿಲ್ಲಲಿಲ್ಲ.

ಅವನಿಗೆ ಲೋಕ ಮರೆತ ಸಂಗೀತದ ಹುಚ್ಚು. ಇಥಿಯೋಪಿಯಾದ ಕ್ಯಾಸೆಟ್ಟು, ತಂತಿಗೆ ಮೊಳೆ ಸಿಕ್ಕಿಸಿ ನುಡಿಸಿದ ಪಿಯಾನೋ, ಬರೀ ಫ್ಯಾನಿನಂತೆ ಗುಂಯ್‌ಗುಡುವ ಜಪಾನಿನ ರಿಕಾರ್ಡು. ಊರೂರು ತಿರುಗಿ ನಾನೇ ತಂದುಕೊಟ್ಟ ಪೀಡೆಗಳೂ ಇದ್ದವು. ಇಂಥವನ್ನು ಮತ್ತೆ ಹೊರತರುವ ಬರ್ಲಿನ್ನಿನವನೊಬ್ಬ ಇವನ ಗೆಳೆಯ.

ಈ ಕ್ಯಾಸೆಟ್ಟಿನಲ್ಲಿದ್ದದ್ದು ಸಾವಿನ ಮನೆಯ ಭಜನೆ. ನಮ್ಮಲ್ಲಿ ಹೆಣದ ಹಣೆಗೆ ಮೂರು ಬೆರಳಿನ ವಿಭೂತಿ ಬಳಿದು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಎದುರಿಗೆ ಬೆಳತನಕ ಭಜನೆ. ಕಮಲಾಪುರದ ಶಿವಕಾಂತಮ್ಮ ತನ್ನ ತಂಗಿ ಸತ್ತ ರಾತ್ರಿ ಟೇಪಿಗೆ ತುಂಬಿಸಿಟ್ಟುಕೊಂಡದ್ದು. ಕೊಡುವಾಗ ಹೇಳಿದ್ದಳು:

"ಹಚ್ಚಿದ್ರ ಪೂರಾ ಕೇಳು ತಮ್ಮಾ. ಮಂಗಳ ಹಾಡೂತನಕ ನಿಲ್ಲಸಬ್ಯಾಡ. ಕುಂತವರು ಕುಂತೇ ಇರ್ತಾರ."

ಅಪರೂಪದ್ದು ಹುಡುಕುವವರ ಚಾಳಿ ಗೊತ್ತಲ್ಲ? ಪೂರಾ ಯಾರು ಕೇಳುತ್ತಾರೆ! ಒಂದು ತುಣುಕು ಸವಿದು ಮುಂದಕ್ಕೆ. ಮನೆಗೆ ಬಂದವನೇ ಕ್ಯಾಸೆಟ್ ಹಚ್ಚಿದ. ತಾಳ… ಛಿಣ್, ಛಿಣ್. ಏಕತಾರಿ… ಟುಂಯ್. ಹೆಂಗಸಿನ ದನಿಯೊಂದು ಮೇಲೇರುತ್ತಿದ್ದಾಗ ಬಟನ್ ಒತ್ತಿಬಿಟ್ಟ. ಬರ್ಲಿನ್ನಿಗೆ ಕಳಿಸಲು ಅಷ್ಟು ಸಾಕಿತ್ತು.

ಟಕ್.

ಒಳಕೋಣೆಯಿಂದ ಹೆಂಡತಿ ಅಂಬಿಕಾ ಪಿಸುಗುಟ್ಟಿದಳು. "ರೀ… ಇಲ್ಲಿ ಬರ್ರಿ. ಸೃಷ್ಟಿನ್ನ ನೋಡ್ರಿ."

ನಾಲ್ಕು ವರ್ಷದ ಮಗಳು. ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಬೆನ್ನು ಗೋಡೆಗೆ, ಚಕ್ಕಳಮಕ್ಕಳ, ಕೈ ತೊಡೆಯ ಮೇಲೆ. ಕಣ್ಣು ತೆರೆದಿತ್ತು… ರೆಪ್ಪೆ ಬಡಿಯುತ್ತಿರಲಿಲ್ಲ. ಮೈ ಮಣ್ಣಿನ ಕೊಡದ ನೀರಿನಷ್ಟು ತಣ್ಣಗಿತ್ತು. ಮಲಗಿಸಲು ಹೋದರೆ ಸೊಂಟ ಬಾಗಲಿಲ್ಲ.

"ಏನ್ ಹಚ್ಚಿದ್ರಿ?"

"ಭಜನಿ."

"ಯಾರ್ದು?"

ಮೌನೇಶ ಓಡಿಹೋಗಿ ಕ್ಯಾಸೆಟ್ ಮತ್ತೆ ಶುರುಮಾಡಿದ. ಭಜನೆ ಸಾಗಿತು. ಮಗುವಿನ ಉಸಿರು ಸಣ್ಣಗಾಗುತ್ತ ಬಂತು. ಅಷ್ಟರಲ್ಲಿ ಟಕ್… ಟೇಪು ಮುಗಿಯಿತು. ಮಂಗಳ ಬಂದೇ ಇರಲಿಲ್ಲ! ತಿರುವಿ ಹಾಕಿದ. ಆ ಬದಿ ಬರೀ ಸ್ಸ್ಸ್…

ಕಮಲಾಪುರಕ್ಕೆ, ಶಿವಕಾಂತಮ್ಮನಿಗೆ ಫೋನು ಹಚ್ಚಿದ.

"ಯವ್ವಾ, ಮಂಗಳ ಇದ್ರಾಗ ಇಲ್ರಿ! ನನ್ನ ಕೂಸು… ಕುಂತುಬಿಟ್ಟದ."

"ಎಲ್ಲಿಂದ ಇರ್ತದ? ಟೇಪು ಮೊದ್ಲೇ ತೀರಿತ್ತು, ಮಂಗಳ ಬಾಯಿಲೇ ಹಾಡಿದ್ವಿ. ನೀನೂ ಹಂಗೇ ಹಾಡಬೇಕಿತ್ತು. ನಡುವ ನಿಲ್ಲಸಿದೇನು?"

"ಹೂಂ ಯವ್ವಾ."

"ಹುಚ್ಚಪ್ಯಾಲಿ! ಫೋನು ಕೂಸಿನ ಕಿವೀಗಿ ಹಿಡಿ."

ಮುದುಕಿ ಒಡಕು ದನಿಯಲ್ಲಿ ಮಂಗಳ ಎತ್ತಿದಳು. ಗಂಡಹೆಂಡತಿ ಅಳುತ್ತಲೇ ಚಪ್ಪಾಳೆ ತಟ್ಟಿದರು. ನಡುವೆ ತಾಳ ಕೂಡಿತು. ಛಿಣ್… ಛಿಣ್… ಫೋನಿನಿಂದಲ್ಲ. ಗೋಡೆಯ ಕಡೆಯಿಂದ. ಅವರ ಮನೆಯಲ್ಲಿ ತಾಳವೇ ಇಲ್ಲ.

ಹಾಡು ಮುಗಿಯಿತು. ಸೃಷ್ಟಿಯ ಬೆನ್ನು ಸಡಿಲಾಯಿತು. ಅಪ್ಪನ ತೋಳಿಗೆ ವಾಲಿ ಸಣ್ಣಗೆ ಗೊರಕೆ ಹೊಡೆದಳು.

ಬೆಳಿಗ್ಗೆ ಸುದ್ದಿ ಕೇಳಿ ನಾನೇ ಹೋದೆ. ಮಗು ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿತ್ತು. ಹಣೆಯ ತುಂಬ ಮೂರು ಬೆರಳಿನ ವಿಭೂತಿ.

"ಯಾರು ಹಚ್ಚಿದ್ರು?"

"ನಾವ್ಯಾರೂ ಹಚ್ಚಿಲ್ಲಕ್ಕಾ," ಅಂದಳು ಅಂಬಿಕಾ.

ಬೇಕಾದರೆ ನಂಬಿ, ಬೇಡವಾದರೆ ಬಿಡಿ. ಈ ಬೆರಳಿನಿಂದಲೇ ಮುಟ್ಟಿ ನೋಡಿದ್ದೇನೆ. ಇನ್ನೂ ಹಸಿ ಇತ್ತು.