ಬುತ್ತಿ ಡಬ್ಬಿಯ ಶ್ರೀಮಂತ

ಒಂದು ಊರಿನಲ್ಲಿ ಒಬ್ಬ ಶ್ರೀಮಂತನಿದ್ದ. ಆದರೆ ಪಾಪ, ತಾನು ಶ್ರೀಮಂತ ಅನ್ನುವುದು ಅವನೊಬ್ಬನಿಗೇ ಗೊತ್ತಿರಲಿಲ್ಲ. ಎಷ್ಟು ಎಕರೆ ಹೊಲ ಅಂತ ಕೇಳುತ್ತೀರಾ? ಎಷ್ಟು ತೊಲ ಬಂಗಾರ ಅಂತೀರಾ? ಅವನ ಹತ್ತಿರ ಇದ್ದದ್ದು ಎರಡು ಅಂಗಿ, ಒಂದು ಟ್ರಂಕು, ಮತ್ತೆ ದಿನಾ ಬೆಳಗಿನ ಬಸ್ಸಿಗೆ ಊರಿಂದ ಬರುವ ಒಂದು ಬುತ್ತಿ ಡಬ್ಬಿ. ಕಾಲೇಜು ಓದಲು ಪಟ್ಟಣಕ್ಕೆ ಬಂದು, ಗೆಳೆಯನೊಬ್ಬನ ಜೊತೆ ಸಣ್ಣ ರೂಮು ಹಿಡಿದಿದ್ದ ಹುಡುಗ. ನಾನು ಅವನನ್ನು ಶ್ರೀಮಂತ ಅಂತಲೇ ಕರೆಯುತ್ತೇನೆ. ಯಾಕೆ ಅಂತ ಕೊನೆಗೆ ನೀವೇ ಹೇಳುವಿರಂತೆ.

ನೋಡಿ, ತಲೆ ನರೆತವರು ಇಲ್ಲಿ ಬಹಳ ಮಂದಿ ಕೂತಿದ್ದೀರಿ. ಆ ಬುತ್ತಿ ಬಸ್ಸು ನೆನಪಿದೆಯೇ? ಹಳ್ಳಿಯ ತಾಯಂದಿರು ಹೊತ್ತು ಮೂಡುವ ಮೊದಲೇ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಡ್ರೈವರಣ್ಣನ ಕೈಗೆ ಕೊಡುತ್ತಿದ್ದರು. ಅವನು ಎಲ್ಲ ಡಬ್ಬಿಗಳನ್ನೂ ತನ್ನ ಪಕ್ಕದ ಎಂಜಿನ್ ಮೇಲೆ ಸಾಲಾಗಿ ಇಡುತ್ತಿದ್ದ. ಆ ಕಾವಿಗೆ ಪಲ್ಯ ಪಟ್ಟಣ ಮುಟ್ಟುವ ತನಕ ಬೆಚ್ಚಗೇ ಇರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಮುತ್ತಿಕೊಳ್ಳುತ್ತಿದ್ದರು. ಹಸಿರು ಸೀರೆ ತುಂಡು ಕಟ್ಟಿದ್ದು ಇವನದು, ಹೂವಿನದು ಅವನದು. ಬಾಗಿಲು ತೆರೆದ ಕೂಡಲೇ ಶೇಂಗಾ ಹಿಂಡಿಯ, ಅದೇ ಕಡಲೆಕಾಯಿ ಚಟ್ನಿಪುಡಿಯ, ವಾಸನೆ ಬರುತ್ತಿತ್ತಲ್ಲ! ಆಹಾ, ಈಗಲೂ ನೆನೆದರೆ ನನಗೆ ಬಾಯಲ್ಲಿ ನೀರು ಬರುತ್ತದೆ, ಸ್ವಾಮಿಗಳಾದರೇನು, ನಾಲಿಗೆ ಇಲ್ಲವೇ?

ಸಂಜೆ ಅದೇ ಬಸ್ಸಿಗೆ ಡಬ್ಬಿ ವಾಪಸ್. ಬರಿ ಪಾತ್ರೆ ಮನೆಗೆ ಕಳಿಸಬಾರದು, ಅದು ನಮ್ಮ ಕಡೆಯ ರೂಢಿ. ಅದಕ್ಕೆ ನಮ್ಮ ಶ್ರೀಮಂತ ಕಾಲೇಜಿನ ಅಂಗಳದಲ್ಲಿ ಉದುರಿದ ಆಕಾಶಮಲ್ಲಿಗೆಯ ನಾಲ್ಕು ಹೂವು ಆರಿಸಿ, ತೊಳೆದ ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದ. ಅವ್ವ ಅದನ್ನು ತೆಗೆದು ದೇವರ ಮುಂದೆ ಇಡುತ್ತಿದ್ದಳು. ಮಗ ಉಂಡ, ಮಗ ಸುಖವಾಗಿದ್ದಾನೆ. ಅವಳಿಗೆ ಅಷ್ಟು ಸಾಕಾಗಿತ್ತು.

ಹೀಗೆ ನಡೆದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ, ನೀವೂ ಹಾಯಾಗಿ ಮನೆಗೆ ಹೋಗುತ್ತಿದ್ದಿರಿ. ಏನಾಯಿತು? ಕ್ಲಾಸಿನಲ್ಲಿ ಇಸ್ತ್ರಿ ಅಂಗಿಯ ನಾಲ್ಕು ಮಂದಿ ಇವನಿಗೆ ಗಂಟುಬಿದ್ದರು. ಒಂದು ದಿನ ಡಬ್ಬಿಯ ಎಣ್ಣೆ ಸೋರಿ ಇವನ ಅಂಗಿಗೆ ಹತ್ತಿತ್ತು. "ಏನಲೇ, ನಿಮ್ಮವ್ವ ನಿನಗೂ ಒಗ್ಗರಣಿ ಹಾಕಿ ಕಳಿಸ್ಯಾಳೇನು?" ಅಂದ ಒಬ್ಬ. ಎಲ್ಲರೂ ನಕ್ಕರು. ಹುಡುಗಿಯರೂ ನಕ್ಕರು. ಅಷ್ಟೇ ನೋಡಿ! ಆವತ್ತಿನಿಂದ ನಮ್ಮ ಶ್ರೀಮಂತನಿಗೆ ಡಬ್ಬಿ ಕಂಡರೆ ಮೈ ಉರಿಯತೊಡಗಿತು.

"ಇವತ್ತಿನಿಂದ ಡಬ್ಬಿ ನೀನ ಇಸ್ಕೊಂಡು ನೀನ ಉಣ್ಣು," ಅಂದ ರೂಮಿನ ಗೆಳೆಯನಿಗೆ.

"ನೀ ಏನು ಉಣ್ತೀ?"

"ನನ್ನ ಚಿಂತಿ ನಿನಗ್ಯಾಕ?"

ಗೆಳೆಯ ತಂದೆಯಿಲ್ಲದವನು, ಅಣ್ಣ ಕಳಿಸುವ ದುಡ್ಡಿನಲ್ಲಿ ಖಾನಾವಳಿಯಲ್ಲಿ ಉಣ್ಣುತ್ತಿದ್ದವನು. ಅವನು ಡಬ್ಬಿ ತರತೊಡಗಿದ. ನಮ್ಮ ಶ್ರೀಮಂತ ತಾನೂ ಅವರಂಥವನೇ ಅನ್ನಿಸಿಕೊಳ್ಳಲು ಆ ನಾಲ್ವರ ಜೊತೆ ಹೋಟೆಲ್ಲಿಗೆ ಹೊರಟ. ಯಾವ ದುಡ್ಡಿನಿಂದ? ಹೇಳಿ, ಯಾವ ದುಡ್ಡಿನಿಂದ? ಅಪ್ಪ ಒಣಮೆಣಸಿನಕಾಯಿ ಮಾರಿ, ಪರೀಕ್ಷೆ ಫೀಸಿಗೆ ಅಂತ ಮುಂಗಡವಾಗಿ ಕೊಟ್ಟಿದ್ದ ದುಡ್ಡಿನಿಂದ. ಇವತ್ತು ಮಸಾಲೆ ದೋಸೆ, ನಾಳೆ ಸಿನಿಮಾ, ನಾಡಿದ್ದು "ಬಿಲ್ಲು ನಂದು ಬಿಡ್ರಲೇ" ಅನ್ನುವ ಜಂಬ. ತೆಗೆದದ್ದನ್ನು ಆಮೇಲೆ ತುಂಬಿದರಾಯಿತು ಅಂದುಕೊಂಡ. ಎಲ್ಲಿಂದ ತುಂಬುತ್ತಾನೆ, ಅವನೇನು ನೋಟಿನ ಗಿಡ ನೆಟ್ಟಿದ್ದನೇ?

ಫೀಸು ಕಟ್ಟುವ ಕೊನೆಯ ದಿನ ಬಂತು. ಜೇಬು ಖಾಲಿ. ಆ ನಾಲ್ವರ ಮನೆ ಬಾಗಿಲಿಗೆ ಹೋದ. ಒಬ್ಬ ಮಲಗಿದ್ದ, ಒಬ್ಬ ಊರಲ್ಲಿಲ್ಲ, ಉಳಿದಿಬ್ಬರು "ಛೇ, ಮೊದಲ ಹೇಳಬೇಕಿಲ್ಲೋ" ಅಂದರು. ಇವತ್ತು ಕಟ್ಟದಿದ್ದರೆ ವರ್ಷ ಹೋಗುತ್ತದೆ. "ಇನ್ನೊಂದು ವರ್ಷ ಓದಸಾಕ ನನ್ನ ಕೈಲೆ ಆಗೂದಿಲ್ಲ ತಮ್ಮಾ" ಅಂತ ಅಪ್ಪ ಮೊದಲೇ ಹೇಳಿದ್ದ. ಓದು ಮುಗಿಯಿತು ಅಂದುಕೊಂಡ. ರೂಮಿಗೆ ಬಂದು ಟ್ರಂಕಿನ ಮೇಲೆ ಕೂತು, ದೊಡ್ಡ ಹುಡುಗ, ಬಿಕ್ಕಿ ಬಿಕ್ಕಿ ಅತ್ತ.

ಗೆಳೆಯ ಎಲ್ಲ ಕೇಳಿಸಿಕೊಂಡ. ದಿಂಬಿನ ಕೆಳಗಿಂದ ಒಂದು ಕರವಸ್ತ್ರದ ಗಂಟು ತೆಗೆದು ಇವನ ಕೈಯಲ್ಲಿ ಇಟ್ಟ.

"ಇದೇನೋ?"

"ಖಾನಾವಳಿಗೆ ಕೊಡೂ ರೊಕ್ಕ. ಡಬ್ಬಿ ಬರಾಕತ್ತಿದ ಮ್ಯಾಲೆ ಖಾನಾವಳಿ ಬಿಟ್ಟೆ, ಉಳೀತು. ನಾ ಉಂಡದ್ದು ನಿಮ್ಮವ್ವನ ರೊಟ್ಟಿ. ಅಂದ ಮ್ಯಾಲೆ ಈ ರೊಕ್ಕಾನೂ ನಿಮ್ಮವ್ವಂದ. ಏಳು, ಕೌಂಟರ್ ಮುಚ್ಚತಾರ."

ಫೀಸು ಕಟ್ಟಿದ್ದಾಯಿತು. ಪರೀಕ್ಷೆಯೂ ಮುಗಿಯಿತು. ರಜೆಗೆ ಊರಿಗೆ ಹೊರಟಾಗ ಗೆಳೆಯನನ್ನೂ ಕರೆದುಕೊಂಡು ಹೋದ. ಅವ್ವನಿಗೆ ಎಲ್ಲ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅವ್ವ ಬಿಡಬೇಕಲ್ಲ! ಬಾಗಿಲಲ್ಲೇ ಗೆಳೆಯನ ಮುಖ ನೋಡಿ ಕೇಳಿದಳು:

"ಪುಠಾಣಿ ಹಾಕಿ ಕಳಸಾಂವ ನೀನೇನೋ ಯಪ್ಪಾ?"

ಗೆಳೆಯ ತಲೆಯಾಡಿಸಿದ. ಬರಿ ಡಬ್ಬಿ ಕಳಿಸಬಾರದು ಅಂತ ಅವನೂ ದಿನಾ ನಾಲ್ಕು ಕಾಳು ಹುರಿಗಡಲೆ ಹಾಕುತ್ತಿದ್ದ.

"ಹೂ ನಿಂತು ಪುಠಾಣಿ ಬರಾಕತ್ತಿದ್ವು. ಅವತ್ತ ತಿಳೀತ ನನಗ, ಡಬ್ಬಿ ಬಿಚ್ಚಾಂವ ಬ್ಯಾರೆ ಒಬ್ಬ ಅದಾನ ಅಂತ," ಅಂದಳು ಅವ್ವ. ಮಗನ ಗಲ್ಲ ಸವರಿದಳು. "ನನ್ನ ಮಗ ಹಸದಾಂವಗ ಹಂಚಿ ಉಣ್ತಾನ ಅಂತ ಹೊಟ್ಟಿ ತುಂಬಿತು ನೋಡು. ಇಬ್ಬರಿಗೂ ಸಾಲವಲ್ದೇನೋ ಅಂತ ಮರದಿನದಿಂದ ನಾಕು ರೊಟ್ಟಿ ಹೆಚ್ಚಿಗಿ ಹಾಕಿದೆ. ಸಾಲತಿದ್ವಲ್ಲಾ?"

ಆ ಕ್ಷಣಕ್ಕೆ ಗೊತ್ತಾಯಿತು ಅವನಿಗೆ, ತಾನು ಎಷ್ಟು ದೊಡ್ಡ ಶ್ರೀಮಂತ ಅಂತ. ಅವ್ವನ ಕಾಲು ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಅತ್ತ.

ಈಗ ನಿಮ್ಮ ಸರದಿ. ಓದುವ ಮಕ್ಕಳೇ, ಆ ಫೋನು ಸ್ವಲ್ಪ ಕೆಳಗಿಡಿ. ಎಂಜಿನ್ ಮೇಲೆ ಡಬ್ಬಿ ಇಡುವ ಬಸ್ಸುಗಳು ಹೋದವು, ಆ ಕಾಲವೂ ಹೋಯಿತು. ಡಬ್ಬಿ ಹೋಗಿದೆಯೇ? ಇಲ್ಲ. ಈಗ ಅದು ದುಡ್ಡಾಗಿ ನಿಮ್ಮ ಫೋನಿಗೇ ಬರುತ್ತದೆ. ಟಿಂಗ್ ಅಂತ ಸದ್ದು ಬಂದಾಗ, ಅದರ ಹಿಂದೆ ರೊಟ್ಟಿ ಬಡಿದ ಕೈ ಯಾವುದು ಅಂತ ಒಮ್ಮೆ ಕೇಳಿಕೊಳ್ಳಿ. ಫೀಸಿಗೆ ಬಂದದ್ದು ಬಂದ ದಿನವೇ ಫೀಸಿಗೆ ಹೋಗಲಿ. ನಗುವವರು ನಗಲಿ, ನಿಮ್ಮ ಬಿಲ್ಲು ಅವರು ಕಟ್ಟುವುದಿಲ್ಲ. ಪಕ್ಕದಲ್ಲಿ ಹಸಿದವನಿದ್ದರೆ ಅರ್ಧ ರೊಟ್ಟಿ ಕೊಡಿ, ಆದರೆ ನೀವೂ ಜೊತೆಗೆ ಕೂತು ಉಣ್ಣಿ. ತಪ್ಪಿ ಖರ್ಚು ಮಾಡಿದ್ದರೆ ಕೊನೆಯ ದಿನದ ತನಕ ಕಾಯಬೇಡಿ, ಇವತ್ತೇ ಮನೆಗೆ ಹೇಳಿ.

ಮತ್ತೆ, ಡಬ್ಬಿ ಬರಿದಾಗಿ ಕಳಿಸಬೇಡಿ. ದಿನಕ್ಕೊಮ್ಮೆ ಫೋನು ಮಾಡಿ, ಏನು ಉಂಡೆ, ಏನು ಓದಿದೆ ಅಂತ ಎರಡು ನಿಜವಾದ ಮಾತು ಹೇಳಿ. ಅವೇ ನಿಮ್ಮ ನಾಲ್ಕು ಹೂವು. ಸಂಜೆ ಅಲ್ಲಿ ಒಬ್ಬಳು ಮುಚ್ಚಳ ತೆಗೆದು ನೋಡುತ್ತಾಳೆ.