ಕೆಂಪು ಹೆಜ್ಜೆ

ರೋಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಮುದುಕಿಯರು ಅಬ್ಬಿಗೇರಿ ಬಸ್ಸಿಗೆ ಕಾಯುತ್ತಿದ್ದರು. ಒಬ್ಬಳ ಬಲಗಾಲಿಗೆ ಪಟ್ಟಿ ಕಟ್ಟಿತ್ತು.

"ಕಾಲಿಗೆ ಏನಾತ ಹುಚ್ಚವ್ವ?" ಎಂದು ಇನ್ನೊಬ್ಬಳು ಕೇಳಿದಳು.

"ಹ್ವಾದ ವಾರ ಒಂದಿನ ಮುಂಜಾನಿ ಹಿತ್ತಲಕ್ಕ ಹೋಗಿ ಬಂದೆ, ಗೌರವ್ವ. ಹೊಳ್ಳಿ ನೋಡಿದ್ರ ನೆಲದ ತುಂಬ ಕೆಂಪ ಹೆಜ್ಜಿ!"

"ಯವ್ವಾ! ಯಾರವು?"

"ಯಾರೋ ಹೊಕ್ಕಾರಂತ ಅಂಜಿ ಬಡಿಗಿ ತಗೊಂಡು ಮನಿ ತುಂಬ ಹುಡುಕಿದೆ. ನಾ ನಡದಲ್ಲೆಲ್ಲಾ ಹಿಂದ ಹೊಸಾವು ಮೂಡತಿದ್ವು. ಸೊಸಿ ಭಾಗ್ಯಾ ಚೀರಿದ್ಲು, ‘ಅತ್ತೀ, ನಿಮ್ಮ ಕಾಲ ನೋಡ್ರಿ!’ ಅಂಗಾಲಾಗ ಗಾಜಿನ ಚೂರ ನಟ್ಟಿತ್ತು."

"ನೋವಾಗಲಿಲ್ಲೇನ?"

"ಇಲ್ಲ. ಸಕ್ಕರಿ ಜಡ್ಡಿಗೆ ಕಾಲಿನ ನರ ಸತ್ತಾವಂತ. ಈಗ ದಿನಾ ಸಂಜಿಮುಂದ ಭಾಗ್ಯಾ ಅಂಗಾಲ ನೋಡತಾಳ. ಕಣ್ಣ ಮುಚ್ಚಿಸಿ, ಮುಟ್ಟಿದ್ರ ಹೇಳ್ರಿ ಅಂತಾಳ."

"ಗೊತ್ತಾಕ್ಕೈತೇನ?"

"ನಿನ್ನಿ ಯಾರೋ ಕಾಲಿನ ಹೆಬ್ಬಟ್ಟ ಗಟ್ಟ್ಯಾಗಿ ಹಿಡದಂಗಾತು. ‘ಹಿಡದಿ ನೋಡ’ ಅಂದೆ. ‘ನಾ ಇನ್ನೂ ಮುಟ್ಟೇ ಇಲ್ರಿ’ ಅಂದ್ಲು."

"ಆಮ್ಯಾಲ?"

"ಆಮ್ಯಾಲ ಆಕಿ ಖರೇನ ಮುಟ್ಟಿದ್ಲಂತ. ನನಗೇನೂ ತಿಳೀಲಿಲ್ಲ."

ಬಸ್ ಬಂತು. ಹುಚ್ಚವ್ವ ತನ್ನ ಪಾದಗಳನ್ನೇ ನೋಡುತ್ತ ಒಂದೊಂದೇ ಮೆಟ್ಟಿಲು ಹತ್ತಿದಳು. ಗೌರವ್ವ ಅವಳ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.